ಮಕ್ಕಳ ಮನೆಗುರು ಪೆಸ್ಟಲಾಜಿ

ಅಕ್ಷರವನ್ನು ಕಲಿಸುವವರು ಲೋಕದಲ್ಲಿ ಬಹುಮಂದಿ ಇದ್ದಾರೆ. ಕಲಿಯಬಂದ ಕೂಸಿನ ಹಸಿವನ್ನೂ ಅಂಜಿಕೆಯನ್ನೂ ಮೊದಲು ಅರಿತು, ಅವನ್ನು ನೀಗಿ, ಆ ಬಳಿಕ ಅಕ್ಷರದ ಮಾತೆತ್ತುವವರು ವಿರಳ. ತಾಯಿಯ ಮಡಿಲಲ್ಲಿ ಮೊದಲಾದ ಕಲಿಕೆಯೇ ಶಾಲೆಯಲ್ಲಿ ಬೆಳೆದು, ಹತ್ತು ಮಂದಿಯೊಡನೆ ಕೂಡಿ ಬಾಳುವ ಬಾಳಾಗಿ ಹಬ್ಬಬೇಕು. ಆಗಲೇ ಅದು ಶಾಲೆಯೆನಿಸೀತು. ಈ ಸತ್ಯವನ್ನು ತನ್ನ ಬದುಕನ್ನೇ ಸವೆಸಿ ಕಂಡುಕೊಂಡವನು ಸ್ವಿಟ್ಜರ್ಲೆಂಡ್ ದೇಶದ ಯೋಹಾನ್ ಹೈನ್‌ರಿಖ್ ಪೆಸ್ಟಲಾಜಿ. ಆತನು ನಡೆಸಿದ ನಾಲ್ಕು ಮುಖ್ಯ ಶಾಲೆಗಳೂ ಒಂದಾದ ಮೇಲೊಂದರಂತೆ ಆತನ ಕಣ್ಣೆದುರಿಗೇ ಮುಚ್ಚಿದವು. ಆದರೂ ಇಂದು ಜಗತ್ತಿನ ಯಾವ ಮೂಲೆಯಲ್ಲಿ ಎಳೆಯ ಮಕ್ಕಳ ಶಾಲೆಯ ಮಾತು ಬಂದರೂ ಆತನ ಹೆಸರನ್ನು ನೆನೆಯದೆ ಮುಂದುವರಿಯುವಂತಿಲ್ಲ. ಸೋತವನ ಕೆಲಸ ಹೀಗೆ ಗೆದ್ದುದು ಹೇಗೆಂಬುದನ್ನು ಮಕ್ಕಳನ್ನು ಸಾಕುವ ಪ್ರತಿಯೊಬ್ಬ ಗೃಹಸ್ಥನೂ ತಿಳಿಯತಕ್ಕದ್ದು.

ಪೆಸ್ಟಲಾಜಿಯು 1746ನೆಯ ಇಸವಿ ಜನವರಿ 12ರಂದು ಝೂರಿಕ್ ನಗರದಲ್ಲಿ ಜನಿಸಿದನು. ತಂದೆ ಶಸ್ತ್ರವೈದ್ಯ. ಬಾಲಕನಿಗೆ ಐದು ವರ್ಷ ತುಂಬಿದ್ದಾಗ ಆತನು ತೀರಿಕೊಂಡನು. ಮರಣಶಯ್ಯೆಯಲ್ಲಿದ್ದ ಒಡೆಯನು ಮನೆಯ ಕೆಲಸದಾಳು ಬಾಬೆಲಿಯನ್ನು ಬಳಿಗೆ ಕರೆದು, ತನ್ನ ಹೆಂಡತಿ ಮಕ್ಕಳನ್ನು ಕೈಬಿಡಬಾರದೆಂದು ಬೇಡಿಕೊಂಡನು. ಆ ಹಳ್ಳಿಯ ಹೆಣ್ಣುಮಗಳು ಮಾತು ಕೊಟ್ಟಳು. ಕೊಟ್ಟ ಮಾತನ್ನು ತನ್ನ ಜೀವ ಇರುವವರೆಗೂ ನಡೆಸಿದಳು. ಕಾಸಿಗೆ ಕಾಸು ಕೂಡಿಸಿ, ಸಂತೆಯಲ್ಲಿ ತರಕಾರಿಯ ಬೆಲೆ ಇಳಿಯುವವರೆಗೂ ಕಾದು, ಬಟ್ಟೆ ಪಾದರಕ್ಷೆಗಳು ಸವೆದಾವೆಂದು ಮಕ್ಕಳನ್ನು ಹೊರಗೆ ಆಡಬಿಡದೆ ಆಕೆ ಆ ಮನೆಯ ಮಾನವನ್ನು ಕಾಪಾಡಿದಳು. ಇದರಿಂದ ಬಾಲಕನಿಗೆ ಒಂದು ನಷ್ಟವೂ ಒಂದು ಲಾಭವೂ ಆದವು. ಓರಗೆಯ ಹುಡುಗರೊಡನೆ ಬೆರೆಯದೆ ಬೆಳೆದ ಆತನು ವ್ಯವಹಾರದಲ್ಲಿ ಕೊನೆಯವರೆಗೂ ಮುಗ್ಧನಾಗಿಯೇ ಉಳಿದನು; ಸಹಪಾಠಿಗಳು ಆತನಿಗೆ ಅಡ್ಡಹೆಸರಿಟ್ಟು ನಗುತ್ತಿದ್ದರು. ಆದರೆ ಓದುಬರಹವಿಲ್ಲದ ಬಡವಳೊಬ್ಬಳ ಹೃದಯದಲ್ಲಿ ಎಂತಹ ಹಿರಿಮೆ ಅಡಗಿರಬಲ್ಲುದೆಂಬುದು ಆತನಿಗೆ ಎಳವೆಯಲ್ಲಿಯೇ ಮನದಟ್ಟಾಯಿತು.

ಆತನ ಅಜ್ಜ ಝೂರಿಕ್ ನಗರದ ಹತ್ತಿರದ ಹೊಂಗ್ ಎಂಬ ಹಳ್ಳಿಯಲ್ಲಿ ಧರ್ಮಗುರುವಾಗಿದ್ದನು. ರಜೆಯ ದಿನಗಳಲ್ಲಿ ಮೊಮ್ಮಗನು ಅಜ್ಜನ ಕೈಹಿಡಿದು ಬಡವರ ಗುಡಿಸಲುಗಳಿಗೂ ರೋಗಿಗಳ ಹಾಸಿಗೆಯ ಬಳಿಗೂ ಹಳ್ಳಿಯ ಶಾಲೆಗೂ ಹೋಗುತ್ತಿದ್ದನು. ನಗರದ ಸಿರಿತನಕ್ಕೂ ಹಳ್ಳಿಯ ಬಡತನಕ್ಕೂ ಇರುವ ಅಂತರವನ್ನು ಆ ಎಳೆಯ ಕಣ್ಣುಗಳು ಅಲ್ಲಿ ಕಂಡುವು. ಚೂಟಿಯಾಗಿದ್ದ ಹಳ್ಳಿಯ ಮಕ್ಕಳು ಕೆಲವೇ ವರ್ಷಗಳಲ್ಲಿ ಮಂಕಾಗಿ ಬಾಡಿಹೋಗುವುದೇಕೆಂಬ ಪ್ರಶ್ನೆ ಅಲ್ಲಿಯೇ ಮೊಳೆತು, ಆತನನ್ನು ಬಾಳುದ್ದಕ್ಕೂ ಬಿಡದೆ ಕಾಡಿತು.

ಝೂರಿಕ್ ವಿದ್ಯಾಲಯದಲ್ಲಿ ಓದುತ್ತಿರುವಾಗ ಪೆಸ್ಟಲಾಜಿಯು ದೇಶಭಕ್ತ ತರುಣರ ಕೂಟವೊಂದನ್ನು ಸೇರಿದನು. 1762ರಲ್ಲಿ ಹೊರಬಂದ ರೂಸೋವಿನ ಎಮೀಲ್ ಗ್ರಂಥವು ಆ ತರುಣರ ಮನಸ್ಸನ್ನೆಲ್ಲ ಸೂರೆಗೊಂಡಿತ್ತು. ಧರ್ಮಗುರುವಾಗಬೇಕೆಂಬ ಮೊದಲ ಬಯಕೆಯನ್ನು ಆತನು ಬಿಟ್ಟನು. ನ್ಯಾಯಶಾಸ್ತ್ರದ ಓದನ್ನೂ ಬಿಟ್ಟನು. ರೈತರ ನಡುವೆ ರೈತನಾಗಿ ಬಾಳಿ ಅವರ ಕಷ್ಟವನ್ನು ಪರಿಹರಿಸಬೇಕೆಂದು ಬೇಸಾಯವನ್ನು ಕಲಿಯಹೋದನು. 1769ರಲ್ಲಿ ಅನ್ನಾ ಶುಲ್ತೆಸ್ ಎಂಬ ವರ್ತಕರ ಮಗಳನ್ನು ವರಿಸಿದನು. ಆಕೆ ಆತನಿಗಿಂತ ಎಂಟು ವರ್ಷ ಹಿರಿಯಳು, ಸಿರಿವಂತರ ಮನೆಯವಳು. ತಂದೆತಾಯಿಗಳ ಮನಸ್ಸಿಲ್ಲದಿದ್ದರೂ ಈ ನಿರ್ಧನನ ಕೈಹಿಡಿದು, ಮುಂದೆ ತನ್ನ ಪಾಲಿನ ಆಸ್ತಿಯೆಲ್ಲ ಕರಗಿಹೋದರೂ ಗಂಡನ ಧ್ಯೇಯಕ್ಕೆ ಎದುರಾಡದೆ ನಿಂತಳು. ದಂಪತಿಗಳು ಬಿರ್ ಎಂಬ ಹಳ್ಳಿಯ ಬಳಿ ಹೊಲ ಕೊಂಡು ಮನೆ ಕಟ್ಟಿಸಿ ಅದಕ್ಕೆ ನಾಯ್‌ಹೋಫ್ ಎಂದು ಹೆಸರಿಟ್ಟರು. ಬಣ್ಣಕ್ಕೆ ಬರುವ ಮಂಜಿಷ್ಠದ ಬೇರನ್ನು ಬೆಳೆಯುವ ಹವ್ಯಾಸ ಕೈಗೂಡಲಿಲ್ಲ. ನೆಲ ಸಾರವಿಲ್ಲದ್ದು; ಒಡೆಯನು ಲೆಕ್ಕಪತ್ರವರಿಯದವನು. ಹಣ ಕೊಟ್ಟಿದ್ದವರು ಹಿಂದೆಗೆದರು.

1770ರಲ್ಲಿ ಆ ದಂಪತಿಗಳಿಗೆ ಒಬ್ಬ ಮಗನು ಹುಟ್ಟಿದನು. ರೂಸೋವಿನ ಹೆಸರನ್ನೇ ಆ ಮಗುವಿಗಿಟ್ಟು, ಗ್ರಂಥದಲ್ಲಿ ಹೇಳಿದಂತೆಯೇ ಅದನ್ನು ಬೆಳೆಸಬೇಕೆಂದು ತಂದೆಯು ಹೊರಟನು. ಮೂರೂವರೆ ವರ್ಷದ ಕೂಸಿಗೆ ತಾನು ಕೊಟ್ಟ ಪಾಠಗಳ ದಿನಚರಿಯನ್ನು 1774ರಲ್ಲಿ ಬರೆದಿಟ್ಟನು. ಸ್ವಾತಂತ್ರ್ಯದ ಹೆಸರಿನಲ್ಲಿ ಮೊದಲಾದ ಆ ಪ್ರಯೋಗದಲ್ಲಿ, ಕೂಸು ಹಟ ಹಿಡಿದಾಗ ಗದರಿಸಿ ಕೂರಿಸಿದ ದಿನಗಳೂ ಬಂದವು. ಮಗುವಿಗೆ ಅರ್ಥವಾಗದ ಪದಗಳನ್ನು ಬಾಯಲ್ಲಿ ತುಂಬಿದುದು ತನ್ನದೇ ತಪ್ಪೆಂದು ತಂದೆಗೆ ಹೊಳೆದ ದಿನಗಳೂ ಬಂದವು. ಆ ಬಾಲಕನು ಅಪಸ್ಮಾರದಿಂದ ನರಳಿ, ಸಕಾಲದಲ್ಲಿ ಓದುಬರಹ ಹತ್ತದೆ, 1801ರಲ್ಲಿ, ತಂದೆಯು ಬದುಕಿರುವಾಗಲೇ ಮಡಿದನು. ಲೋಕದ ಮಕ್ಕಳಿಗೆ ಗುರುವಾದವನಿಗೆ ತನ್ನ ಒಬ್ಬನೇ ಮಗನನ್ನು ದಡ ಸೇರಿಸಲಾಗಲಿಲ್ಲ. ಈ ಕೊರಗು ಆತನನ್ನು ಬಿಟ್ಟುಹೋಗಲಿಲ್ಲ. ಪುಸ್ತಕದ ಮಗುವೇ ಬೇರೆ, ಮುಂದೆ ನಿಂತ ಮಗುವೇ ಬೇರೆ ಎಂಬ ಅರಿವನ್ನು ಆತನು ಇಷ್ಟು ಬೆಲೆ ತೆತ್ತು ಪಡೆದನು.

ಬೇಸಾಯವು ಕೈಕೊಟ್ಟಾಗ ಪೆಸ್ಟಲಾಜಿಯು ತಿರಿದುಣ್ಣುತ್ತ ಅಲೆಯುತ್ತಿದ್ದ ಮಕ್ಕಳನ್ನು 1774ರಲ್ಲಿ ತನ್ನ ಮನೆಗೆ ಕರೆತಂದನು. ಅವರಿಗೆ ಉಣಿಸಿ ಉಡಿಸಿ, ಬೇಸಿಗೆಯಲ್ಲಿ ಹೊಲದ ಕೆಲಸವನ್ನೂ ಚಳಿಗಾಲದಲ್ಲಿ ನೂಲುವ ನೇಯುವ ಕೆಲಸವನ್ನೂ ಕಲಿಸಿದನು. ಕೈಗಳು ರಾಟೆಯ ಮೇಲಿರುವಾಗ ಬಾಯಿ ಪಾಠವನ್ನು ಒಪ್ಪಿಸುತ್ತಿತ್ತು. ದುಡಿಮೆಯಿಂದಲೇ ಶಾಲೆಯ ಖರ್ಚು ಹುಟ್ಟಬೇಕು, ದುಡಿಮೆಯಲ್ಲಿಯೇ ಅರಿವು ಬೆಳೆಯಬೇಕು ಎಂಬುದು ಆತನ ಹಂಚಿಕೆ. ಭಿಕ್ಷೆಯು ಬಡವನನ್ನು ಬಡವನಾಗಿಯೇ ಇರಿಸುವುದೆಂದೂ, ತನ್ನ ಕಾಲ ಮೇಲೆ ತಾನು ನಿಲ್ಲುವಂತೆ ಮಾಡುವ ವಿದ್ಯೆಯೇ ನಿಜವಾದ ದಾನವೆಂದೂ ಆತನು ನಂಬಿದ್ದನು. 1778ರಲ್ಲಿ ಅಲ್ಲಿ 37 ಮಕ್ಕಳಿದ್ದರು. ಆದರೆ ಎಳೆಯ ಕೈಗಳು ನೂತ ನೂಲಿಗೆ ಪೇಟೆಯಲ್ಲಿ ಬೆಲೆ ಬರಲಿಲ್ಲ. ಮಕ್ಕಳಿಗೆ ಹೊಸ ಬಟ್ಟೆ ಬಂದು ಮೈ ತುಂಬಿಕೊಂಡೊಡನೆಯೇ ಕೆಲವರು ಹೆತ್ತವರು ಅವರನ್ನು ಕರೆದೊಯ್ದರು. ಸಾಲದ ಮೇಲೆ ಸಾಲ ಬೆಳೆದು 1780ರಲ್ಲಿ ಆ ಶಾಲೆ ಮುಚ್ಚಿತು. ತನ್ನನ್ನೇ ತಾನು ಸಾಕಿಕೊಳ್ಳಲಾರದವನು ಬಡವರನ್ನುದ್ಧರಿಸಹೊರಟನೆಂದು ನೆರೆಯವರು ಆಡಿಕೊಂಡರು. ಆ ಕಷ್ಟಕಾಲದಲ್ಲಿ ಎಲಿಸಬೆತ್ ನೇಫ್ ಎಂಬ ಸೇವಕಿಯು ಆ ಮನೆಗೆ ಬಂದು ಸೇರಿ, ಬಾಬೆಲಿಯಂತೆಯೇ ಮುರಿದ ಸಂಸಾರವನ್ನು ನೇರ್ಪಡಿಸಿದಳು.

ಕೈಯಲ್ಲಿ ಕೆಲಸವಿಲ್ಲದ ಪೆಸ್ಟಲಾಜಿಯು ಲೇಖನಿಯನ್ನು ಹಿಡಿದನು. 1781ರಲ್ಲಿ ಲಿಯನಾರ್ಡ್ ಮತ್ತು ಗೆರ್ಟ್ರೂಡ್ ಎಂಬ ಕಥೆಯ ಮೊದಲ ಭಾಗವು ಪ್ರಕಟವಾಯಿತು. ಕುಡಿತಕ್ಕೆ ಬಿದ್ದ ಕಲ್ಲುಕುಟಿಗನೊಬ್ಬನ ಹೆಂಡತಿಯು ತನ್ನ ಮನೆಯನ್ನು ನೇರ್ಪಡಿಸಿ, ಆ ಬೆಳಕು ಊರಿಗೆಲ್ಲ ಹಬ್ಬುವಂತೆ ಮಾಡಿದ ವೃತ್ತಾಂತವದು. ಒಲೆಯ ಮುಂದೆ ನೂಲುತ್ತ, ಕೋಣೆಯ ಉದ್ದಗಲವನ್ನು ಹೆಜ್ಜೆಯಿಂದ ಎಣಿಸುತ್ತ ಮಕ್ಕಳಿಗೆ ಪಾಠ ಹೇಳುವ ಆ ತಾಯಿಯೇ ಪೆಸ್ಟಲಾಜಿಯ ಕಲ್ಪನೆಯ ಆದಿಗುರು. ಗ್ರಂಥವು ಆತನಿಗೆ ಯೂರೋಪಿನಲ್ಲೆಲ್ಲ ಕೀರ್ತಿಯನ್ನು ತಂದಿತು. 1792ರಲ್ಲಿ ಫ್ರಾನ್ಸಿನ ವಿಧಾನಸಭೆಯು ಆತನಿಗೆ ಗೌರವ ಪೌರತ್ವವನ್ನಿತ್ತಿತು. ಜನರು ಕಥೆಯನ್ನು ಕಥೆಯೆಂದು ಓದಿ ಮೆಚ್ಚಿದರು. ಅದರಲ್ಲಿ ಹೇಳಿದಂತೆ ನಡೆಯಲು ಯಾರೂ ಮುಂದೆ ಬರಲಿಲ್ಲ. ಹೀಗೆಯೇ ಹದಿನೆಂಟು ವರ್ಷಗಳು ಕಳೆದವು.

ಆತನ ನಿಜವಾದ ಪರೀಕ್ಷೆಯ ಕಾಲವು ಐವತ್ತೆರಡನೆಯ ವಯಸ್ಸಿನಲ್ಲಿ ಬಂದಿತು. 1798ರಲ್ಲಿ ಫ್ರೆಂಚರ ಬೆಂಬಲದಿಂದ ಸ್ವಿಟ್ಜರ್ಲೆಂಡಿನಲ್ಲಿ ಹೊಸ ಸರಕಾರವು ಏರ್ಪಟ್ಟಿತು. ಪರ್ವತಪ್ರಾಂತದ ನಿಡ್‌ವಾಲ್ಡನ್ ಸೀಮೆಯ ಕೆಥೊಲಿಕ್ ಜನರು ಅದಕ್ಕೆ ಪ್ರಮಾಣ ಮಾಡಲೊಪ್ಪದೆ ಎದುರು ನಿಂತರು. ಸೆಪ್ಟೆಂಬರ್ 9ರಂದು ಫ್ರೆಂಚ್ ಸೈನ್ಯವು ನುಗ್ಗಿ ಹೆಂಗಸರು ಮಕ್ಕಳೆನ್ನದೆ ಕೊಂದು, ಸ್ಟಾನ್ಸ್ ಎಂಬ ಊರಿಗೂ ಸುತ್ತಲಿನ ಹಳ್ಳಿಗಳಿಗೂ ಬೆಂಕಿಯಿಟ್ಟಿತು. ತಬ್ಬಲಿಗಳಾದ ಮಕ್ಕಳು ಬೀದಿಪಾಲಾದರು. ಅವರಿಗೊಂದು ಆಶ್ರಯವನ್ನು ಕಟ್ಟಲು ಸರಕಾರವು ಪೆಸ್ಟಲಾಜಿಯನ್ನು ಕಳುಹಿಸಿತು. ಊರನ್ನು ಸುಡಿಸಿದ ಸರಕಾರವೇ ಕಳುಹಿಸಿದವನು. ಅದರ ಮೇಲೆ ಪ್ರಾಟೆಸ್ಟಂಟ್ ಮತದವನು. ಬೆಂದ ಜನರಿಗೆ ಆತನಲ್ಲಿ ವಿಶ್ವಾಸ ಹುಟ್ಟುವುದೆಂತು? ತಮ್ಮ ಮಕ್ಕಳನ್ನು ಮತದಿಂದ ಕೆಡಿಸಲು ಬಂದವನೆಂದೇ ಹಲವರು ಬಗೆದರು.

1799ರ ಜನವರಿ 14ರಂದು ಸ್ಟಾನ್ಸಿನ ಸಂನ್ಯಾಸಿನಿಯರ ಮಠದ ಒಂದು ಭಾಗದಲ್ಲಿ ಆ ಆಶ್ರಯವು ತೆರೆಯಿತು. ಕಟ್ಟಡದ ಕೆಲಸ ಮುಗಿದಿರಲಿಲ್ಲ. ಅಡಿಗೆಮನೆಯಾಗಲಿ ಹಾಸಿಗೆಗಳಾಗಲಿ ಸಿದ್ಧವಾಗಿರಲಿಲ್ಲ. ಗಾರೆಯ ದೂಳಿನ ನಡುವೆ, ಕೊರೆಯುವ ಚಳಿಯಲ್ಲಿ ಮಕ್ಕಳು ಬಂದರು. ಕಜ್ಜಿ ತುಂಬಿದ ಮೈ, ಹುಣ್ಣಾದ ತಲೆ, ಹೇನು ಮುತ್ತಿದ ಚಿಂದಿ, ಮೂಳೆ ಎದ್ದ ಕೆನ್ನೆ, ಯಾರನ್ನೂ ನಂಬದ ಕಣ್ಣು. ಹತ್ತರಲ್ಲಿ ಒಬ್ಬನಿಗಾದರೂ ಅಕ್ಷರ ತಿಳಿದಿರಲಿಲ್ಲ. ಕೆಲವೇ ವಾರಗಳಲ್ಲಿ ಅವರ ಸಂಖ್ಯೆ ಎಂಬತ್ತರ ಹತ್ತಿರಕ್ಕೆ ಏರಿತು. ಮನೆಗೆಲಸಕ್ಕೆ ಒಬ್ಬ ಹೆಂಗಸನ್ನು ಬಿಟ್ಟರೆ ಪೆಸ್ಟಲಾಜಿಗೆ ಬೇರೆ ಸಹಾಯವಿರಲಿಲ್ಲ. ಮಕ್ಕಳ ಮೈ ತೊಳೆದವನು, ಹುಣ್ಣಿಗೆ ಮದ್ದು ಹಚ್ಚಿದವನು, ಜೊತೆಗೆ ಕುಳಿತು ಉಂಡವನು ಆತನೇ. ರಾತ್ರಿ ಎಲ್ಲರಿಗಿಂತ ಕಡೆಗೆ ಮಲಗಿ, ಬೆಳಗ್ಗೆ ಎಲ್ಲರಿಗಿಂತ ಮೊದಲು ಏಳುವನು. ಅವರ ನಡುವೆಯೇ ಹಾಸಿಕೊಂಡು, ಅವರಿಗೆ ನಿದ್ದೆ ಹತ್ತುವವರೆಗೂ ಪ್ರಾರ್ಥನೆಯನ್ನೂ ಪಾಠವನ್ನೂ ಹೇಳುವನು. ಅವರು ಅತ್ತಾಗ ಆತನಿಗೂ ಕಣ್ಣೀರು. ಅವರು ನಕ್ಕಾಗ ಆತನಿಗೂ ನಗೆ.

ಪುಸ್ತಕಗಳಿಲ್ಲ, ಉಪಾಧ್ಯಾಯರಿಲ್ಲ. ಇಲ್ಲದಿರುವಿಕೆಯೇ ಅಲ್ಲಿ ದಾರಿಯನ್ನು ತೋರಿತು. ಒಬ್ಬನು ಎಂಬತ್ತು ಮಂದಿಗೆ ಕಲಿಸಲಾರದೆ ಹೋದಾಗ, ತುಸು ಬಲ್ಲ ಮಗುವನ್ನು ಏನೂ ಅರಿಯದ ಎರಡು ಮಕ್ಕಳ ನಡುವೆ ಕೂರಿಸಿದನು. ಆ ಮಗು ಎರಡೂ ತೋಳುಗಳಿಂದ ಇಬ್ಬರನ್ನೂ ತಬ್ಬಿ, ತನಗೆ ಬಂದುದನ್ನು ಅವರಿಗೆ ಹೇಳಿಕೊಟ್ಟಿತು. ಮೊದಲಿಗೆ ಹೊಟ್ಟೆಗಿಷ್ಟು ಅನ್ನ, ಮನಸ್ಸಿಗೆ ಅಭಯ. ಅದರಿಂದ ಪ್ರೀತಿ ಹುಟ್ಟಿದ ಮೇಲೆ ಒಬ್ಬರಿಗೊಬ್ಬರು ನೆರವಾಗುವ ನಡತೆ. ನಡತೆಯು ನೆಲೆಗೊಂಡ ಮೇಲೆಯೇ ನೀತಿಯ ಮಾತು. ಈ ಕ್ರಮವನ್ನು ಆತನು ತಪ್ಪಿಸಲಿಲ್ಲ. ಏಪ್ರಿಲ್ ತಿಂಗಳಿನಲ್ಲಿ ನೆರೆಯ ಆಲ್ಟ್‌ಡೋರ್ಫ್ ಊರು ಬೆಂಕಿಗೆ ತುತ್ತಾದ ಸುದ್ದಿ ಬಂದಿತು. ಪೆಸ್ಟಲಾಜಿಯು ಮಕ್ಕಳನ್ನು ಸುತ್ತಲೂ ಕೂರಿಸಿಕೊಂಡು, ಅಲ್ಲಿಯ ಇಪ್ಪತ್ತು ತಬ್ಬಲಿಗಳನ್ನು ನಾವು ಕರೆತರಬಹುದೇ ಎಂದು ಕೇಳಿದನು. ಒಪ್ಪಿದರೆ ಉಣಿಸು ಕಡಿಮೆಯಾಗುವುದು, ದುಡಿಮೆ ಹೆಚ್ಚುವುದು, ಉಡುವ ಬಟ್ಟೆಯನ್ನೂ ಹಂಚಿಕೊಳ್ಳಬೇಕಾಗುವುದೆಂದು ಮರೆಮಾಚದೆ ತಿಳಿಸಿದನು. ಕೆಲವು ತಿಂಗಳ ಹಿಂದೆ ಒಂದು ತುಂಡು ರೊಟ್ಟಿಗಾಗಿ ಕಚ್ಚಾಡುತ್ತಿದ್ದ ಆ ಮಕ್ಕಳು, ಅವರು ಬರಲಿ, ಬರಲಿ ಎಂದು ಒಕ್ಕೊರಲಿನಿಂದ ಒಪ್ಪಿದರು. ಯಾವ ಪಾಠಪುಸ್ತಕವೂ ಕಲಿಸದ ಪಾಠವು ಅಲ್ಲಿ ಫಲಿಸಿತ್ತು.

ಆದರೆ ಆ ಮನೆಗೆ ಆಯುಷ್ಯವಿರಲಿಲ್ಲ. ಯುದ್ಧವು ಮರಳಿ ಹತ್ತಿರ ಬಂದಿತು. ಗಾಯಾಳು ಸೈನಿಕರಿಗೆ ಆಸ್ಪತ್ರೆ ಬೇಕೆಂದು ಜೂನ್ 8ರಂದು ಕಟ್ಟಡವನ್ನು ತೆರವು ಮಾಡಿಸಿದರು. ಐದು ತಿಂಗಳಿಗೂ ಕಡಿಮೆಯ ಅವಧಿ. ಬಹುಮಂದಿ ಮಕ್ಕಳು ಚದರಿಹೋದರು. ರಕ್ತ ಕಾರುತ್ತ, ಮೈಮನಗಳೆರಡೂ ಕುಗ್ಗಿದ ಪೆಸ್ಟಲಾಜಿಯು ಬೆಟ್ಟದ ತಾಣವೊಂದಕ್ಕೆ ಹೋಗಿ ಮಲಗಿದನು. ಅಲ್ಲಿ ಮಿತ್ರನೊಬ್ಬನಿಗೆ ಬರೆದ ದೀರ್ಘಪತ್ರದಲ್ಲಿ ಸ್ಟಾನ್ಸಿನ ಅನುಭವವನ್ನೆಲ್ಲ ಬಿಚ್ಚಿಟ್ಟನು. ಶಿಕ್ಷಣದ ಚರಿತ್ರೆಯಲ್ಲಿ ಆ ಪತ್ರಕ್ಕೆ ಇಂದಿಗೂ ಉನ್ನತವಾದ ಸ್ಥಾನವಿದೆ.

ಚೇತರಿಸಿಕೊಂಡ ಪೆಸ್ಟಲಾಜಿಯು ಪದವಿಯನ್ನು ಬೇಡದೆ, ಎಳೆಯ ಮಕ್ಕಳಿಗೆ ಪಾಠ ಹೇಳುವ ಅವಕಾಶವನ್ನಷ್ಟೇ ಬೇಡಿದನು. ಬುರ್ಗ್‌ಡೋರ್ಫ್ ಊರಿನಲ್ಲಿ ಪೌರತ್ವವಿಲ್ಲದ ಬಡವರ ಮಕ್ಕಳಿಗಾಗಿ ಒಬ್ಬ ಚಮ್ಮಾರನು ತನ್ನ ಕಸುಬಿನ ಜೊತೆಗೆ ಒಂದು ಶಾಲೆಯನ್ನು ನಡೆಸುತ್ತಿದ್ದನು. ಯೂರೋಪೆಲ್ಲ ಹೆಸರು ಬಲ್ಲ ಗ್ರಂಥಕಾರನು ಆ ಕೋಣೆಯ ಒಂದು ಮೂಲೆಯಲ್ಲಿ ಸಹಾಯಕನಾಗಿ ನಿಂತನು. ಧರ್ಮಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿಸದ ಈ ಮುದುಕನು ತನ್ನ ಅನ್ನವನ್ನು ಕಸಿಯಬಂದನೆಂದು ಚಮ್ಮಾರನು ಹೆದರಿದನು. ಹೊಸ ಪ್ರಯೋಗಗಳನ್ನು ಪೌರರು ತಮ್ಮ ಮಕ್ಕಳ ಮೇಲೆ ಮಾಡಿಕೊಳ್ಳಲಿ ಎಂದು ಹೆತ್ತವರು ಗೊಣಗಿದರು. ಅಲ್ಲಿಂದ ಹೊರಬಿದ್ದ ಪೆಸ್ಟಲಾಜಿಯು ಐದರಿಂದ ಎಂಟು ವರ್ಷದೊಳಗಿನ ಮಕ್ಕಳ ಚಿಕ್ಕ ಶಾಲೆಯೊಂದನ್ನು ಸೇರಿದನು. 1800ನೆಯ ಇಸವಿಯಲ್ಲಿ ಊರಿನ ಶಾಲಾಮಂಡಲಿಯು ಪರೀಕ್ಷಿಸಿ ನೋಡಿ, ಆ ಮಕ್ಕಳ ಪ್ರಗತಿಗೆ ಬೆರಗಾಗಿ ಮೆಚ್ಚುಗೆಯನ್ನು ಬರೆದುಕೊಟ್ಟಿತು. ಬಳಿಕ ಅಲ್ಲಿಯ ಕೋಟೆಯಲ್ಲಿಯೇ ಆತನ ವಿದ್ಯಾಶಾಲೆ ನೆಲೆಗೊಂಡಿತು. ಬರಗಾಲದಿಂದ ನೊಂದ ಆಪೆನ್‌ಜೆಲ್ ಸೀಮೆಯಿಂದ ಮಕ್ಕಳ ಗುಂಪನ್ನು ಕರೆತಂದ ಕ್ರೂಸಿಯೆಂಬ ಯುವಕನು ಆತನ ಮೊದಲ ಸಹೋದ್ಯೋಗಿಯಾದನು.

ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ, ಬಾಯಾರೆ ಆಡಿ ತಿಳಿಯಬೇಕೆಂಬುದೇ ಆತನ ಪಾಠಕ್ರಮದ ತಿರುಳು. ಎಣಿಕೆಯನ್ನು ಕಲಿಸುವ ಮೊದಲು ಕಲ್ಲುಹರಳು, ಕಾಳುಗಳು. ಬರೆಯುವ ಮೊದಲು ಗೆರೆ, ಕೋನ, ಆಕೃತಿ. ಓದುವ ಮೊದಲು ತುಂಬುಮಾತು. ಸುಲಭದಿಂದ ಕಠಿನಕ್ಕೆ, ಹತ್ತಿರದಿಂದ ದೂರಕ್ಕೆ ಒಂದೊಂದೇ ಮೆಟ್ಟಿಲು; ಕೆಳಗಿನ ಮೆಟ್ಟಿಲಲ್ಲಿ ಕಾಲು ಗಟ್ಟಿಯಾಗದೆ ಮೇಲಿನದಕ್ಕೆ ಏರಿಸಬಾರದು. ಕೋಣೆಯ ಗೋಡೆಗೆ ಅಂಟಿಸಿದ್ದ ಹಳೆಯ ಕಾಗದದಲ್ಲಿ ಎಷ್ಟು ತೂತು, ಯಾವ ಆಕಾರ, ಯಾವ ಬಣ್ಣವೆಂದು ನೋಡಿ ನೋಡಿ ಹೇಳುವುದೇ ಮಕ್ಕಳಿಗೆ ಭಾಷಾಪಾಠವಾಗುತ್ತಿತ್ತೆಂದು, ಅಲ್ಲಿ ಓದಿ ಮುಂದೆ ತಾನೂ ಉಪಾಧ್ಯಾಯನಾದ ರಾಮ್ಸೌವರ್ ಎಂಬಾತನು ನೆನೆದಿದ್ದಾನೆ. 1801ರಲ್ಲಿ ಪ್ರಕಟವಾದ, ಗೆರ್ಟ್ರೂಡಳು ತನ್ನ ಮಕ್ಕಳಿಗೆ ಕಲಿಸುವ ಬಗೆ ಎಂಬ ಗ್ರಂಥದಲ್ಲಿ ಆತನು ಈ ಕ್ರಮವನ್ನು ವಿವರಿಸಿದನು. ತಲೆ, ಹೃದಯ, ಕೈ ಈ ಮೂರೂ ಸಮನಾಗಿ ಬೆಳೆಯದೆ ಮನುಷ್ಯನು ಪೂರ್ಣನಾಗನೆಂಬುದು ಆತನ ಸಿದ್ಧಾಂತದ ಸಾರ. ತಲೆಯೊಂದೇ ಬೆಳೆದರೆ ಅಹಂಕಾರ. ಕೈಯೊಂದೇ ದುಡಿದರೆ ಜೀತ. ಎರಡನ್ನೂ ಕೂಡಿಸಬಲ್ಲುದು ಪ್ರೀತಿಯನ್ನರಿತ ಹೃದಯ. ಒಮ್ಮೆ ಬುರ್ಗ್‌ಡೋರ್ಫಿಗೆ ಮಗನನ್ನು ನೋಡಬಂದ ಹಳ್ಳಿಗನೊಬ್ಬನು, ಇದು ಶಾಲೆಯಲ್ಲ, ಒಂದು ಕುಟುಂಬವೆಂದು ಅಚ್ಚರಿಪಟ್ಟನಂತೆ. ತನ್ನ ಬಾಳಿನಲ್ಲಿ ಕೇಳಿದ ಹೊಗಳಿಕೆಗಳಲ್ಲೆಲ್ಲ ಅದೇ ಹಿರಿದೆಂದು ಪೆಸ್ಟಲಾಜಿಯು ಭಾವಿಸಿದನು.

1804ರಲ್ಲಿ ಬರ್ನ್ ಸರಕಾರವು ಕೋಟೆಯನ್ನು ಮರಳಿ ಕೇಳಿತು. ಕೆಲಕಾಲ ಬೇರೊಂದೆಡೆ ತಂಗಿದ್ದು, 1805ರಲ್ಲಿ ಶಾಲೆಯು ಸರೋವರದ ದಡದ ಇವೆರ್ಡನ್ ಊರಿನ ಕೋಟೆಯಲ್ಲಿ ನೆಲೆಸಿತು. ಮುಂದಿನ ಇಪ್ಪತ್ತು ವರ್ಷ ಅದೇ ಆತನ ಕರ್ಮಭೂಮಿ. ನಾನಾ ದೇಶದ, ನಾನಾ ಮತದ ಮಕ್ಕಳು ಅಲ್ಲಿ ಒಂದೇ ಸೂರಿನಡಿ ಬಾಳಿದರು. ಬಹುಮಾನ, ಶ್ರೇಣಿಗಳ ಆಸೆಯಿಂದ ಮಕ್ಕಳನ್ನು ಒಬ್ಬರ ಮೇಲೊಬ್ಬರು ಹಾಯುವಂತೆ ಮಾಡುವ ಪದ್ಧತಿ ಅಲ್ಲಿರಲಿಲ್ಲ. ಗುರುಗಳೂ ಶಿಷ್ಯರೂ ಕೂಡಿ ಉಣ್ಣುವರು, ಕೂಡಿ ಆಡುವರು, ಬೆಟ್ಟವನ್ನು ಕೂಡಿ ಏರುವರು. ಭೂಗೋಳದ ಪಾಠವು ನಕ್ಷೆಯಿಂದ ಮೊದಲಾಗದೆ, ಊರ ಬಳಿಯ ಚಿಕ್ಕ ಹೊಳೆಯ ಕಣಿವೆಯಿಂದ ಮೊದಲಾಗುತ್ತಿತ್ತು. ಮಕ್ಕಳು ಅದನ್ನು ಸುತ್ತಾಡಿ ನೋಡಿ, ಬುಟ್ಟಿಯಲ್ಲಿ ಜೇಡಿಮಣ್ಣು ತಂದು, ದೊಡ್ಡ ಮೇಜುಗಳ ಮೇಲೆ ಆ ಕಣಿವೆಯ ಏರಿಳಿತಗಳನ್ನು ಮಾಡಿಟ್ಟು, ಬಳಿಕ ನಕ್ಷೆಯನ್ನು ನೋಡುವರು. ಕೆದರಿದ ತಲೆಯ, ಅಸ್ತವ್ಯಸ್ತ ಉಡುಪಿನ ಆ ಮುದುಕನನ್ನು ಎಲ್ಲರೂ ತಂದೆಯೆಂದೇ ಕರೆಯುತ್ತಿದ್ದರು.

ನೆಪೋಲಿಯನ್ನನಿಂದ ಸೋತು ನೆಲಕಚ್ಚಿದ ಪ್ರಷ್ಯಾ ದೇಶವು, ಜನರನ್ನು ವಿದ್ಯೆಯಿಂದಲೇ ಮೇಲೆತ್ತಬೇಕೆಂದು ನಿಶ್ಚಯಿಸಿ ತನ್ನ ತರುಣ ಉಪಾಧ್ಯಾಯರನ್ನು ಇವೆರ್ಡನ್ನಿಗೆ ಕಳುಹಿಸಿತು. 1808ರಿಂದ 1810ರವರೆಗೆ ಅಲ್ಲಿದ್ದು ಕಲಿತ ಫ್ರೋಬೆಲನು ಮುಂದೆ ಶಿಶುವಿಹಾರವನ್ನು ಕಂಡುಹಿಡಿದನು. ಇಂದು ನಮ್ಮ ಊರುಗಳಲ್ಲಿ ಕೂಸುಗಳು ಹಾಡಿ ಆಡಿ ಕಲಿಯುವ ಶಾಲೆಗಳಿಗೂ ಆ ಬೇರು ಮುಟ್ಟಿದೆ.

ಇಷ್ಟು ಬೆಳಕಿನ ಕೆಳಗೆ ಕತ್ತಲೆಯೂ ಇದ್ದಿತು. ಬಡವರಿಗಾಗಿ ಹಂಬಲಿಸಿದವನ ಶಾಲೆಯು ಬರಬರುತ್ತ ಶುಲ್ಕ ತೆರಬಲ್ಲ ಉಳ್ಳವರ ಮಕ್ಕಳಿಂದಲೇ ತುಂಬಿತು. ಜೀವಂತವಾಗಿದ್ದ ಕ್ರಮವು ಕೆಲವರು ಅನುಯಾಯಿಗಳ ಕೈಯಲ್ಲಿ ಒಣ ಕಟ್ಟಳೆಯಾಯಿತು. ಮುಖ್ಯ ಸಹಾಯಕರಾದ ನೀಡರರ್ ಮತ್ತು ಶ್ಮಿಡ್ ಎಂಬವರ ನಡುವೆ ಬೆಳೆದ ವೈಮನಸ್ಯವು ಸಂಸ್ಥೆಯನ್ನೇ ಸೀಳಿತು. ಇಬ್ಬರನ್ನೂ ತಣಿಸಿ ನಡೆಸಿಕೊಂಡು ಬರುತ್ತಿದ್ದ ಅನ್ನಾದೇವಿಯು 1815ರ ಡಿಸೆಂಬರ್ ತಿಂಗಳಲ್ಲಿ ತೀರಿಕೊಂಡಳು. ಮರುವರ್ಷವೇ ಹಲವು ಉಪಾಧ್ಯಾಯರು ಬಿಟ್ಟುಹೋದರು. ಎಂಬತ್ತು ಅನಾಥ ಮಕ್ಕಳನ್ನು ಒಂದು ಕುಟುಂಬವಾಗಿ ಬೆಸೆದವನಿಗೆ, ತಿಳಿದವರಾದ ಇಬ್ಬರು ಸಹಾಯಕರನ್ನು ಒಂದುಗೂಡಿಸಲಾಗಲಿಲ್ಲ. ಕೂಡಿ ಬಾಳುವ ಪಾಠವನ್ನು ದೊಡ್ಡವರೂ ದಿನದಿನವೂ ಕಲಿಯುತ್ತಲೇ ಇರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಆದರೂ ಮುದುಕನ ಹಂಬಲವು ಆರಲಿಲ್ಲ. ತನ್ನ ಗ್ರಂಥಗಳ ಸಮಗ್ರ ಪ್ರಕಟಣೆಯಿಂದ ಬರುವ ಹಣವನ್ನು ಮೀಸಲಿಟ್ಟು, 1818ರಲ್ಲಿ ಹತ್ತಿರದ ಕ್ಲೆಂಡಿಯಲ್ಲಿ ಬಡಮಕ್ಕಳ ಶಾಲೆಯನ್ನು ತೆರೆದನು. ಅದೂ ಬಹುಕಾಲ ನಿಲ್ಲಲಿಲ್ಲ. 1825ರಲ್ಲಿ ಇವೆರ್ಡನ್ನಿನ ಸಂಸ್ಥೆಯೂ ಮುಚ್ಚಿತು.

ಎಂಬತ್ತರ ಅಂಚಿನಲ್ಲಿ ಪೆಸ್ಟಲಾಜಿಯು ತಾನು ಹೊರಟಲ್ಲಿಗೇ, ಮೊಮ್ಮಗನಿದ್ದ ನಾಯ್‌ಹೋಫಿಗೆ, ಮರಳಿದನು. ಅಲ್ಲಿಯೂ ಬಡಮಕ್ಕಳಿಗಾಗಿ ಒಂದು ಮನೆಯನ್ನು ಕಟ್ಟಿಸತೊಡಗಿದನು. ಗೋಡೆಗಳು ಮುಗಿಯುವ ಮೊದಲೇ ಆತನ ಆಯುಷ್ಯ ಮುಗಿಯಿತು. 1827ರ ಫೆಬ್ರವರಿ 17ರಂದು ಬ್ರುಗ್ ಎಂಬ ಊರಿನಲ್ಲಿ ಪ್ರಾಣಬಿಟ್ಟನು. ಆತನ ಇಚ್ಛೆಯಂತೆ ಬಿರ್ ಹಳ್ಳಿಯ ಶಾಲೆಯ ಮಗ್ಗುಲಲ್ಲಿ ಆತನನ್ನು ಸಮಾಧಿ ಮಾಡಿದರು. 1846ರಲ್ಲಿ, ಆತನು ಹುಟ್ಟಿ ನೂರು ವರ್ಷ ತುಂಬಿದಾಗ, ಆರ್ಗಾವ್ ಸೀಮೆಯವರು ಅಲ್ಲಿಯ ಹೊಸ ಶಾಲೆಯ ಗೋಡೆಯಲ್ಲಿಯೇ ಆತನ ಸ್ಮಾರಕವನ್ನು ನಿಲ್ಲಿಸಿದರು. ಎಲ್ಲವನ್ನೂ ಪರರಿಗಾಗಿ ಮಾಡಿ ತನಗೆಂದು ಏನನ್ನೂ ಉಳಿಸಿಕೊಳ್ಳದವನೆಂದು ಅದು ಆತನನ್ನು ಕೀರ್ತಿಸುತ್ತದೆ.

ಕಾಯಕ, ದಾಸೋಹ ಎಂಬ ಮಾತುಗಳನ್ನು ತೊಟ್ಟಿಲಿನಿಂದಲೇ ಕೇಳಿ ಬೆಳೆದವರಿಗೆ ಈ ಪರದೇಶಿಯ ಬಾಳು ಪರಕೀಯವೆನಿಸದು. ಆತನ ಶಾಲೆಗಳು ಮುಚ್ಚಿದವು. ಆದರೆ ಹಸಿದ ಮಗುವಿಗೆ ಮೊದಲು ಅನ್ನ, ಅಂಜಿದ ಮಗುವಿಗೆ ಮೊದಲು ಅಭಯ, ಆಮೇಲೆ ಅಕ್ಷರ ಎಂಬ ಆತನ ಕ್ರಮವು ಎಲ್ಲಿ ನಡೆಯುತ್ತಿದೆಯೋ ಅಲ್ಲೆಲ್ಲ ಆ ಶಾಲೆ ತೆರೆದೇ ಇದೆ. ಮಕ್ಕಳನ್ನು ಶಾಲೆಗೆ ಕಳುಹಿಸಿದೊಡನೆ ತಮ್ಮ ಹೊಣೆ ತೀರಿತೆಂದು ಹೆತ್ತವರು ಭಾವಿಸಬಾರದು. ಮಗುವಿನ ಮೊದಲ ಶಾಲೆ ಮನೆ, ಮೊದಲ ಗುರು ತಾಯಿ. ಪಾಠ ಒಪ್ಪಿಸಿದರೆ ಸಾಕೆಂದು ಉಪಾಧ್ಯಾಯರು ತೃಪ್ತರಾಗಬಾರದು. ಪಕ್ಕದವನ ಹೆಗಲ ಮೇಲೆ ಕೈಯಿಟ್ಟು ಕಲಿಸುವ ಮಗುವೇ ಶಾಲೆಯ ನಿಜವಾದ ಫಲ. ಮನೆಯೂ ಶಾಲೆಯೂ ಹೀಗೆ ಒಂದಕ್ಕೊಂದು ಕೈಗೂಡಿಸಿದಲ್ಲಿ ಊರ ಮಕ್ಕಳೆಲ್ಲ ಒಂದೇ ಕುಟುಂಬವಾಗಿ ಬೆಳೆದಾರು. ಆ ಬೆಳೆ ಬೆಳೆದ ಊರಿಗೆ ಕೇಡಿಲ್ಲ.